ಎಡಕ್ಕೆ ಬಿದ್ದ ಹೂವು

ಅನಸ್ತೇಶಿಯಾ ಕೊಟ್ಟ ಮೇಲೆ ಮಂಜುಳಾಗೆ ಎಚ್ಚರವಾಗದೇ ಇರಬಹುದಿತ್ತು. ರಕ್ತ ನಿಲ್ಲದೇ ಹೋಗಬಹುದಿತ್ತು. ರಕ್ತ ಕೊಡಲು ಚನ್ನರಾಯಪಟ್ಟಣದಿಂದ ಹೊರಟ ಬಾಮೈದನ ಬಸ್ಸು ದಾರಿಯಲ್ಲೇ ಕೆಟ್ಟು ನಿಲ್ಲಬಹುದಿತ್ತು. ಕರೆಂಟ್ ಹೋಗಿ, ಜನರೇಟರಿನಲ್ಲಿ ಡೀಸೆಲ್ ಇಲ್ಲದಿರಬಹುದಿತ್ತು. ಅದೇ ವಾರ್ಡಿನಲ್ಲಿ ಇನ್ನೊಬ್ಬ ಮಂಜುಳಾ ಇದ್ದರು, ಗಾಲ್‌ಬ್ಲಾಡರ್ ಕೇಸು. ಫೈಲು ಅದಲುಬದಲಾಗಿ ಅವರ ಕತ್ತನ್ನೂ ನಮ್ಮ ಮಂಜುಳಾಳ ಹೊಟ್ಟೆಯನ್ನೂ ಕೊಯ್ಯಬಹುದಿತ್ತು. ಕ್ಯಾಲ್ಸಿಯಂ ಇಳಿದು ಕೈಕಾಲು ಸೆಟೆದುಕೊಳ್ಳಬಹುದಿತ್ತು. ಗೆಡ್ಡೆ ಕ್ಯಾನ್ಸರ್ ಆಗಿರಬಹುದಿತ್ತು.

ಇದರಲ್ಲಿ ಯಾವುದು ಆಗಿದ್ದರೂ ತಪ್ಪು ಡಾಕ್ಟರದ್ದಲ್ಲ. ನನ್ನದು.

ನಾನು ಹೊಳೆನರಸೀಪುರದಲ್ಲಿ ವಿಮೆ ಏಜೆಂಟ್. ಆಗಬಾರದ್ದನ್ನೆಲ್ಲ ಮೊದಲೇ ಊಹಿಸಿ, ಕಾಫಿ ಕುಡಿಯುತ್ತಾ ಕೂತವರಿಗೆ ಅದನ್ನು ವಿವರಿಸುವುದು ನನ್ನ ಉದ್ಯೋಗ. ಐವತ್ತೆರಡರ ಹೊತ್ತಿಗೆ ಸ್ವಭಾವವೂ ಅದೇ ಆಗಿದೆ. ನನ್ನ ಹೆಂಡತಿ ಮಂಜುಳಾ ಇದಕ್ಕೆ ತದ್ವಿರುದ್ಧ. ಅವಳಿಗೆ ಭಯ ಕಡಿಮೆ, ದನಿ ಜಾಸ್ತಿ. ಅವಳು ಹಿತ್ತಲಿಂದ "ರೀ..." ಅಂದರೆ ಬೀದಿಯ ನಾಲ್ಕು ಗಂಡಸರು ತಿರುಗಿ ನೋಡುತ್ತಿದ್ದರು.

ಗೌರಿ ಹಬ್ಬದ ಬೆಳಿಗ್ಗೆ ಕನ್ನಡಿ ಮುಂದೆ ನಿಂತು, ಸರದ ಕೊಕ್ಕೆ ಹಾಕಿಕೊಡಿ ಅಂದಳು. ನಾನು ಹಿಂದೆ ನಿಂತಿದ್ದೆ. ಅವಳು ಉಗುಳು ನುಂಗಿದಳು. ಕನ್ನಡಿಯಲ್ಲಿ, ಅವಳ ಗಂಟಲಿನಲ್ಲಿ, ನೆಲ್ಲಿಕಾಯಿಯಷ್ಟು ಏನೋ ಮೇಲಕ್ಕೆ ಹೋಗಿ ಕೆಳಕ್ಕೆ ಬಂತು.

ಇಲ್ಲದ ಕಾಯಿಲೆಗಳನ್ನು ಮೂವತ್ತು ವರ್ಷ ಹುಡುಕಿದವನು ನಾನು. ಇರುವುದೊಂದು ಎದುರಿಗೆ ಬಂದಾಗ ಕೊಕ್ಕೆ ಹಾಕಲೂ ಆಗಲಿಲ್ಲ.

ಹಾಸನದಲ್ಲಿ ಸ್ಕ್ಯಾನ್ ಆಯಿತು. ಸೂಜಿ ಹಾಕಿ ಪರೀಕ್ಷೆಯೂ ಆಯಿತು. "ಸಸ್ಪಿಷಿಯಸ್ ಅಂತ ಬಂದಿದೆ" ಅಂದರು ಡಾಕ್ಟರು. "ಕ್ಯಾನ್ಸರ್ ಅಂತ ಹೇಳ್ತಿಲ್ಲ, ಅಲ್ಲ ಅಂತಾನೂ ಹೇಳ್ತಿಲ್ಲ. ಥೈರಾಯ್ಡ್ ತೆಗೆದ್ರೇನೇ ಗೊತ್ತಾಗೋದು. ತಡ ಮಾಡ್ಬೇಡಿ."

ಮಂಜುಳಾ ಅಲ್ಲಿ ತಲೆಯಾಡಿಸಿದಳು. ಬಸ್ಸಿನಲ್ಲಿ ಹೇಳಿದಳು: "ಅಮ್ಮನ್ನ ಕೇಳ್ದೆ ನಾನು ಕತ್ತಿಗೆ ಚಾಕು ಹಾಕಿಸ್ಕಳಲ್ಲ."

ಅಮ್ಮ ಎಂದರೆ ಅರಕಲಗೂಡು ಕಡೆ ಅವಳ ತವರೂರಿನ ದೇವತೆ. ಅಲ್ಲಿ ಹೂ ಕೇಳುವ ಪದ್ಧತಿಯಿದೆ. ಪೂಜಾರಿ ದೇವಿಯ ಎರಡೂ ಭುಜಕ್ಕೆ ಒದ್ದೆ ಹೂ ಅಂಟಿಸುತ್ತಾರೆ. ಕೇಳಬೇಕಾದ್ದನ್ನು ಮನಸ್ಸಿನಲ್ಲಿ ಕೇಳಿಕೊಂಡು ಕಾಯಬೇಕು. ಬಲಗಡೆ ಹೂ ಬಿದ್ದರೆ ಅಪ್ಪಣೆ, ಎಡಗಡೆಯದು ಬಿದ್ದರೆ ಬೇಡ ಅಂತ. ಅವಳ ಮನೆಯಲ್ಲಿ ಮದುವೆ, ಬೋರ್‌ವೆಲ್ ಎಲ್ಲವೂ ಹೀಗೇ ತೀರ್ಮಾನವಾಗಿವೆ. ನನ್ನನ್ನೂ ಹೀಗೇ ಒಪ್ಪಿದ್ದು. ಅವತ್ತು ದೇವಿ ಸರಿಯಾಗಿ ಗಮನಿಸಿರಲಿಕ್ಕಿಲ್ಲ.

ಹೂ ಕೇಳಲು ಗೊತ್ತುಮಾಡಿದ ಕಾರ್ತೀಕದ ಸೋಮವಾರ ಮಂಜುಳಾ ಮುಟ್ಟಾಗಿದ್ದಳು. ನಾನೊಬ್ಬನೇ ಹೋದೆ.

"ಮನಸ್ನಾಗೇ ಕೇಳ್ಕಳಿ ಸಾ. ಬಾಯ್ ಬುಡ್ಬ್ಯಾಡಿ" ಅಂದ ಪೂಜಾರಿ.

ಆಪರೇಷನ್ ಮಾಡಿಸಲಾ ತಾಯಿ ಅಂತ ಕೇಳಿಕೊಂಡೆ. ಗಂಟೆಯ ಸದ್ದು ಅಡಗಿತು. ಕಣಗಿಲೆ ಹೂ ಅಲುಗಲಿಲ್ಲ. ಹೊರಗೆ ಯಾರದೋ ಬೈಕು ಬಂದು ನಿಂತಿತು. ಅದರ ಅದುರಾಟಕ್ಕೇ ಬಿದ್ದಿರಬಹುದು ಎಂದು ಈಗಲೂ ವಾದಿಸಿಕೊಳ್ಳುತ್ತೇನೆ.

ಎಡಕ್ಕೆ ಬಿತ್ತು.

"ಬ್ಯಾಡ ಅಂತವ್ಳೆ ಕಣ್ ಸಾ" ಅಂದ ಪೂಜಾರಿ. "ಸಂಕ್ರಾಂತಿ ಕಳ್ಕಂಡು ಇನ್ನೊಂದ್ಸಲ ಬನ್ನಿ, ಕೇಳಾನ."

ಆ ಹೂವನ್ನು ಬಾಳೆ ಎಲೆಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆ. ಹೊಳೆನರಸೀಪುರ ಬರುವಷ್ಟರಲ್ಲಿ ಅದು ಬಲಗಡೆಯ ಹೂವಾಗಿತ್ತು. "ಬಲಕ್ಕೆ ಕೊಟ್ಟಳು. ಎಲ್ಲಾ ಒಳ್ಳೇದಾಗುತ್ತೆ" ಅಂದೆ. ಮಂಜುಳಾ ನನ್ನ ಮುಖವನ್ನು ಒಂದು ಕ್ಷಣ ನೋಡಿದಳು. ಮೂರು ದಿನ ಬಿಟ್ಟು, ತಲೆಗೆ ನೀರು ಹಾಕಿಕೊಂಡು ಬಂದು, ಹೂವನ್ನು ಕಣ್ಣಿಗೊತ್ತಿಕೊಂಡು ದಿಂಬಿನ ಕೆಳಗಿಟ್ಟುಕೊಂಡಳು.

ಅಂದಿನಿಂದ ದೇವಿ ನನ್ನ ಬೆನ್ನು ಬಿಡಲಿಲ್ಲ. ಕಂಡಕ್ಟರ್ "ಎಡಕ್ಕೆ ಸರೀರಿ" ಅಂದರೆ ಬಲಕ್ಕೇ ಸರಿಯುತ್ತಿದ್ದೆ. ಎಡಗಣ್ಣು ಅದುರುತ್ತಿತ್ತು. ಧನುರ್ಮಾಸ ಬಂತು. ಬೆಳಗಿನ ಚಳಿಯಲ್ಲಿ ದೇವಸ್ಥಾನದ ಮೈಕು ಶುರುವಾದರೆ ಅದು ನನ್ನ ಹೆಸರು ಹಿಡಿದೇ ಮಾತಾಡುತ್ತಿದೆ ಅನ್ನಿಸಿ ಕಿವಿಗೆ ಮಫ್ಲರ್ ಸುತ್ತಿಕೊಳ್ಳುತ್ತಿದ್ದೆ. ದೇವರಿದ್ದಾಳೆ ಎಂದು ನಾನು ಖಚಿತವಾಗಿ ನಂಬಿದ್ದು ಅವಳ ಮಾತು ಮೀರಿದ ಮೇಲೆಯೇ.

ಆಪರೇಷನ್ ದಿನ ಓಟಿ ಬಾಗಿಲಲ್ಲಿ ನರ್ಸು ಬಳೆ, ತಾಳಿ ಎಲ್ಲ ಬಿಚ್ಚಿಸಿದರು. ಮಂಜುಳಾ ಒಣಗಿದ ಹೂವನ್ನೂ ನನ್ನ ಕೈಗಿಟ್ಟು, "ಜೋಪಾನ" ಅಂದಳು. ಮೂರು ಗಂಟೆ ಅದನ್ನು ಹಿಡಿದು ಕೂತಿದ್ದೆ. ಬೆವರಿಗೆ ಅದು ಮತ್ತೆ ಒದ್ದೆಯಾಗಿತ್ತು.

ಹತ್ತು ದಿನಕ್ಕೆ ರಿಪೋರ್ಟು ಬಂತು.

ಕ್ಯಾನ್ಸರ್ ಅಲ್ಲ.

"ಇದು ಆ ಇನ್ನೊಬ್ಬ ಮಂಜುಳಾ ಅವರದ್ದಲ್ಲ ತಾನೇ?" ಅಂದೆ. ಡಾಕ್ಟರು ನನ್ನನ್ನು ಕರುಣೆಯಿಂದ ನೋಡಿದರು.

ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ಹಿತ್ತಲಲ್ಲಿ ಇಬ್ಬರೂ ನೆನೆಸಿದ ಅವರೆಕಾಳು ಹಿತುಕುತ್ತಿದ್ದೆವು. ತಡೆಯಲಾಗಲಿಲ್ಲ. ಹೇಳಿಬಿಟ್ಟೆ.

ಅವಳ ಕೈ ನಿಲ್ಲಲಿಲ್ಲ. "ಗೊತ್ತಿತ್ತು ಕಣ್ರೀ."

"ಪೂಜಾರಿ ಹೇಳಿದ್ನಾ?"

"ಯಾರ್ ಹೇಳ್ಬೇಕು? ಮಳೆ ಬಂದ್ರೆ ಪ್ರವಾಹ ಅನ್ನೋರು ನೀವು. ಅವತ್ತು ಬಂದು ಎಲ್ಲಾ ಒಳ್ಳೇದಾಗುತ್ತೆ ಅಂದ್ರಲ್ಲ, ಆಗ್ಲೇ ಅನ್ಕಂಡೆ, ಎಡಕ್ಕೇ ಬಿದ್ದಿರೋದು ಅಂತ."

"ಮತ್ಯಾಕೆ ಒಪ್ಪಿದೆ?"

ಒಂದು ಕಾಳು ಹಿತುಕಿ ಬೇಳೆಯನ್ನು ಬಟ್ಟಲಿಗೆ ಹಾಕಿದಳು. "ಅಮ್ಮನ ಹೆಸ್ರಲ್ಲೇ ಸುಳ್ಳು ಹೇಳೋಷ್ಟು ಹೆದರ್ಕಂಡವ್ರೆ ಈ ಮನುಷ್ಯ ಅನ್ನಿಸ್ತು. ಇವರನ್ನ ಇನ್ನೂ ಕಾಯಿಸ್ಬಾರ್ದು ಅಂತ ಹೋದೆ."

ಇದನ್ನು ಕೇಳಿಸಿಕೊಳ್ಳಲು ನಾನು ಅವಳ ಹತ್ತಿರಕ್ಕೆ ಬಗ್ಗಬೇಕಾಯಿತು. ಗೆಡ್ಡೆಯ ಪಕ್ಕದಲ್ಲೊಂದು ಕೂದಲೆಳೆಯಂಥ ದನಿಯ ನರ ಇರುತ್ತದಂತೆ, ಆಪರೇಷನ್ ಆದ ಕೆಲವರಿಗೆ ಅದು ಸೋಲುತ್ತದಂತೆ. "ಮಾತಿಗೇನೂ ತೊಂದ್ರೆ ಇಲ್ಲ" ಅಂದಿದ್ದಾರೆ ಡಾಕ್ಟರು. "ಜೋರು ದನಿ ಮಾತ್ರ ಬರ್ದೇ ಇರ್ಬೋದು. ನೋಡೋಣ."

ದೇವಿ ಹೇಳಿದ್ದು ಇದನ್ನೇ ಇರಬಹುದೇ? ಇಷ್ಟಕ್ಕೇ ಬಿಟ್ಟಳೇ? ಕೇಳಲು ಧೈರ್ಯವಿಲ್ಲ. ಮಂಜುಳಾ ಹೊತ್ತಿದ್ದ ಹರಕೆಯ ಸೀರೆ ಒಪ್ಪಿಸಿ ಬರಲು ಅವಳ ಜೊತೆಗೇ ಹೋಗುತ್ತೇನೆ, ಹೂ ಮಾತ್ರ ಕೇಳುವುದಿಲ್ಲ.

ಈಗಲೂ ಜಗಲಿಯಲ್ಲಿ ಫಾರಂ ತುಂಬುತ್ತಾ ಕೂತಾಗ ಆ ಹಳೆಯ "ರೀ..." ಕೇಳಿಸುತ್ತದೆ. ಎದ್ದು ಹೋಗುತ್ತೇನೆ. "ಕರೆದ್ಯಾ?" ಅಂದರೆ, "ಇಲ್ವಲ್ಲ" ಅನ್ನುತ್ತಾಳೆ. ನಿಜವಾಗಿ ಕರೆಯಬೇಕಾದಾಗ ಅಲ್ಲಿಂದ ನಡೆದು ಬಂದು, ಅವರೆಯ ಸೊಗಡಿನ ಕೈಯನ್ನು ನನ್ನ ಹೆಗಲ ಮೇಲಿಡುತ್ತಾಳೆ.

ಅಷ್ಟೆಲ್ಲ ಆಗಬಹುದಿತ್ತು. ಆದದ್ದು ಇಷ್ಟು: ನನ್ನ ಹೆಂಡತಿಗೆ ಹಿತ್ತಲಿಂದ ನನ್ನನ್ನು ಕೂಗಲು ಆಗುವುದಿಲ್ಲ.