ಸಾಕು ಅಂದವರಿಗೆ ಇನ್ನೊಂದು ರೊಟ್ಟಿ

ಹಗರಿಬೊಮ್ಮನಹಳ್ಳಿ ಬಸ್‌ಸ್ಟ್ಯಾಂಡಿನ ಹಿಂದೆ ಕಲ್ಯಾಣಮ್ಮನ ಖಾನಾವಳಿ ಇತ್ತು. ತೊಂಬತ್ತಾರರಲ್ಲಿ ನಾನು ಆ ಊರಿಗೆ ಮೇಷ್ಟ್ರಾಗಿ ಹೋದಾಗಿನಿಂದ ಎರಡು ಹೊತ್ತೂ ಅಲ್ಲೇ ಊಟ. ಊಟ ಚೆನ್ನಾಗಿತ್ತು, ಬೈಗುಳ ಇನ್ನೂ ಚೆನ್ನಾಗಿತ್ತು. ಗಂಡ ತೀರಿಕೊಂಡ ಮೇಲೆ ಒಲೆ ಹೂಡಿ ನಿಂತ ಆಕೆ ಯಾರಿಗೂ ಹೆದರುತ್ತಿರಲಿಲ್ಲ. ತಟ್ಟೆಯಲ್ಲಿ ಪಲ್ಯ ಬಿಟ್ಟರೆ ಸಾಹೇಬರನ್ನೂ ಬಿಡುತ್ತಿರಲಿಲ್ಲ.

ಅದೊಂದು ವರ್ಷ ಉಜ್ಜಿನಪ್ಪ ಬಡಿಸುವ ಕೆಲಸಕ್ಕೆ ಬಂದ. ನಲವತ್ತು ದಾಟಿದ ಮನುಷ್ಯ, ಹತ್ತಿ ಮಿಲ್ಲು ಮುಚ್ಚಿ ಮನೆಯಲ್ಲಿ ಕೂತಿದ್ದವನು. ಸಾಧು ಅಂದರೆ ಸಾಧು. ಆದರೆ ಅವನಿಂದ ನಾವೆಲ್ಲ ಅರೆಹೊಟ್ಟೆಯಲ್ಲಿ ಏಳುವಂತಾಯಿತು. ನಮ್ಮ ಕಡೆ ಕೇಳಿದ ಕೂಡಲೇ ಹೂಂ ಅಂದರೆ ಹೊಟ್ಟೆಬಾಕ ಅನ್ನುತ್ತಾರೆ. ಅದಕ್ಕೇ ಮೊದಲು "ಸಾಕು" ಅನ್ನಬೇಕು, ಬಡಿಸುವವರು ಒತ್ತಾಯ ಮಾಡಬೇಕು, ಆಮೇಲೆ ಬೇಡದ ಮುಖ ಮಾಡಿ ಹಾಕಿಸಿಕೊಳ್ಳಬೇಕು. ಈ ಪುಣ್ಯಾತ್ಮ ಮೊದಲ "ಸಾಕು" ಕೇಳಿದ್ದೇ ಬುಟ್ಟಿ ಹೊತ್ತು ಮುಂದೆ ಹೋಗಿಬಿಡುತ್ತಿದ್ದ. ಹಾಳು ಸಂಕೋಚ! ಎಷ್ಟೋ ದಿನ ನಾನು ಕೋಣೆಗೆ ಹೋಗಿ ಮಂಡಕ್ಕಿ ಮುಕ್ಕಿದ್ದೇನೆ.

ಗಿರಾಕಿಗಳು ಎದುರಿನ ಖಾನಾವಳಿಗೆ ಸರಿಯತೊಡಗಿದರು. ಗಲ್ಲಾದ ಮೇಲೆ ಕೂರುವ ಕಲ್ಯಾಣಮ್ಮನ ತಮ್ಮ ಮರುಳಪ್ಪ ಒಂದು ದಿನ ಎಲ್ಲರೆದುರೇ ಅಂದ: "ಅಕ್ಕಾ, ಸಂತಿ ದಿನದ ಮಟ ನೋಡ್ತೀನಿ. ಆಮ್ಯಾಲ ಇವನ್ನ ಮನಿಗೆ ಕಳಸೋದ."

ಉಜ್ಜಿನಪ್ಪನ ಮುಖ ಸಪ್ಪಗಾಯಿತು. ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳು, ಊರಲ್ಲಿ ಬೇರೆ ಕೆಲಸವಿಲ್ಲ.

"ಹೇಳಿಕೊಡದ ಓಡಸೋದು ಯಾವ ನ್ಯಾಯಲೇ?" ಎಂದಳು ಕಲ್ಯಾಣಮ್ಮ.

ಆದರೆ ಆಕೆಗೆ ಗೊತ್ತಿದ್ದ ಪಾಠ ಗದರುವುದೊಂದೇ. "ಒತ್ತಾಯ ಮಾಡಿ ಹಾಕೋ! ಬಾಯಾಗೇನು ಕಡಬು ಇಟಗೊಂಡಿಯೇನು?" ಹೆದರಿದ ಉಜ್ಜಿನಪ್ಪ ಮರುದಿನ ಕೈತೊಳೆಯಲು ಎದ್ದವರಿಗೂ ರೊಟ್ಟಿ ಹಾಕಿದ. ಒಬ್ಬ ಕಂಡಕ್ಟರಂತೂ "ಬ್ಯಾಡೋ ಮಾರಾಯಾ" ಎನ್ನುತ್ತ ಬಸ್ಸಿನ ತನಕ ಓಡಿದ, ಇವನು ಬುಟ್ಟಿ ಹಿಡಿದು ಬೆನ್ನಿಗೆ. ನಕ್ಕು ನಕ್ಕು ನನಗೆ ನೆತ್ತಿ ಹತ್ತಿತು.

ಅಂದು ಮಧ್ಯಾಹ್ನ ಕಲ್ಯಾಣಮ್ಮ ಬೈಯಲಿಲ್ಲ. ಅವನನ್ನೇ ಬೆಂಚಿನ ಮೇಲೆ ಕೂರಿಸಿ ತಾನು ಬಡಿಸಿದಳು. ಒಂದು ರೊಟ್ಟಿ ಮುಗಿಯಿತು.

"ಇನ್ನೊಂದು?"

"ಸಾಕ್ರಿ ಅಕ್ಕಾರ."

ಆಕೆ ಬುಟ್ಟಿಯನ್ನು ಒಳಗಿಟ್ಟು ಬಂದಳು. ಉಜ್ಜಿನಪ್ಪ ಖಾಲಿ ತಟ್ಟೆ ನೋಡುತ್ತ ಕೂತ.

"ಹೊಟ್ಟಿ ತುಂಬ್ತೇನು?"

"ಇಲ್ರಿ."

"ಮತ್ತ ಸಾಕು ಅಂದಿ?"

"ಹಂಗ... ಅನ್ನಬೇಕಲ್ರಿ."

"ಗಿರಾಕಿನೂ ಹಂಗ ಅಂತಾರಪ್ಪ! ಬಾಯಿ ಕೇಳಬ್ಯಾಡ, ಕೈ ನೋಡು. ತಟ್ಟಿ ಮುಚ್ಚಿದ ಕೈ ಖರೇ ಹೇಳತೈತಿ. ಗಾಳ್ಯಾಗ ಆಡೋ ಕೈ ಸುಳ್ಳು."

ಆಮೇಲೆ ನನ್ನನ್ನು ಗಿರಾಕಿಯಾಗಿ ಕೂರಿಸಿ, "ಮೇಷ್ಟ್ರ, ಸುಳ್ಳ ಸಾಕು ಅನ್ರಿ" ಎಂದಳು. ನನಗೆ ಅದು ಹುಟ್ಟಿನಿಂದಲೇ ಬಂದ ವಿದ್ಯೆ. ಉಜ್ಜಿನಪ್ಪ ತಪ್ಪಿದಾಗೆಲ್ಲ ಆಕೆ "ಇನ್ನೊಮ್ಮಿ" ಅಂದಳೇ ಹೊರತು ದನಿ ಏರಿಸಲಿಲ್ಲ.

ಸಂತೆಯ ದಿನ ಖಾನಾವಳಿ ಕಿಕ್ಕಿರಿಯಿತು. ಉಜ್ಜಿನಪ್ಪ ಜನರ ಕೈಗಳನ್ನೇ ನೋಡುತ್ತ ಸುತ್ತಿದ. ಹಾಕಿದ್ದು ಯಾರೂ ಬಿಡಲಿಲ್ಲ, ಹಸಿದು ಯಾರೂ ಏಳಲಿಲ್ಲ. ಆದರೆ ಅವಸರದಲ್ಲಿ ಒಬ್ಬರ ಬಿಳಿ ಅಂಗಿಯ ಮೇಲೆ ಸಾರು ಚೆಲ್ಲಿದ. ಮರುಳಪ್ಪನಿಗೆ ಕಂಡದ್ದು ಅದೊಂದೇ.

ಜನ ಕರಗಿದ ಮೇಲೆ ಮನೆಯವರು ಊಟಕ್ಕೆ ಕೂತರು, ಜಾಗ ಸಿಗದೆ ಅಷ್ಟು ಹೊತ್ತೂ ಬಾಗಿಲಲ್ಲಿ ಕಾದಿದ್ದ ನಾನೂ ಅದೇ ಸಾಲಿನಲ್ಲಿ. ಮರುಳಪ್ಪ ಗಂಟಲು ಸರಿಮಾಡಿಕೊಂಡ. "ಉಜ್ಜಿನಪ್ಪಾ, ನಾಳಿಯಿಂದ..."

ಉಜ್ಜಿನಪ್ಪ ಕೇಳಿಸಿಕೊಳ್ಳಲೇ ಇಲ್ಲ. ಅವನು ಕಲ್ಯಾಣಮ್ಮನ ಕೈ ನೋಡುತ್ತಿದ್ದ. ಅರ್ಧ ರೊಟ್ಟಿ ತಿಂದು, "ನನಗ ಸಾಕಪ್ಪ, ಹಸಿವಿಲ್ಲ" ಎಂದು ಆಕೆ ಕೈ ಆಡಿಸಿದಳು, ದಿನವೂ ಆಡಿಸುವ ಹಾಗೆಯೇ. ಅವನು ರೊಟ್ಟಿ ಹಾಕಿದ.

"ಬ್ಯಾಡಂದ್ರ ತಿಳಿಯಂಗಿಲ್ಲೇನು?"

ಅವನು ಅದರ ಮೇಲೆ ಬದನೆಕಾಯಿ ಪಲ್ಯವನ್ನೂ ಹಾಕಿದ. "ತಿನ್ರಿ ಅಕ್ಕಾರ. ನಸಿಕಿನಿಂದ ಒಲಿ ಮುಂದ ಅದೀರಿ."

ಬೈಯಲು ಬಾಯಿ ತೆರೆದವಳು ತಟ್ಟೆಯನ್ನು ಹತ್ತಿರ ಎಳೆದುಕೊಂಡಳು. ರೊಟ್ಟಿ ಮುರಿದು ತಿಂದಳು. ಇನ್ನೊಂದನ್ನೂ ತಿಂದಳು. ಎಷ್ಟು ಹಸಿದಿದ್ದಳೋ! ನೋಡಲು ಸಂಕಟವಾಯಿತು.

ಕೊನೆಗೆ ತಮ್ಮನ ಕಡೆ ತಿರುಗಿದಳು. "ನಾಳಿಯಿಂದ ಏನಲೇ?"

ಮರುಳಪ್ಪ ಅಕ್ಕನ ಖಾಲಿ ತಟ್ಟೆಯನ್ನೇ ನೋಡುತ್ತಿದ್ದ.

"ನಾಳಿಯಿಂದ ಮೊದಲು ಅಕ್ಕಗ ಬಡಸು," ಎಂದು ಉಜ್ಜಿನಪ್ಪನಿಗೆ ಹೇಳಿದ. "ಗಿರಾಕಿ ಆಮ್ಯಾಲ."