ಮೊದಲ ತುತ್ತು ನೋಡುತ್ತಿದ್ದವರು

ಮೊನ್ನೆ ನಮ್ಮ ಅಪಾರ್ಟ್‌ಮೆಂಟಿನ ಮೆಟ್ಟಿಲು ಹತ್ತುತ್ತಿದ್ದಾಗ ಯಾರದೋ ಮನೆಯಿಂದ ಬೆಳ್ಳುಳ್ಳಿ ಬಾಡುವ ವಾಸನೆ ಬಂತು. ಒಗ್ಗರಣೆಯದಲ್ಲ; ಸಾಸಿವೆ, ಕರಿಬೇವು ಯಾವುದೂ ಇರಲಿಲ್ಲ. ಬರಿಯ ಬೆಳ್ಳುಳ್ಳಿ, ಆಲಿವ್ ಎಣ್ಣೆ, ಸಣ್ಣ ಉರಿ. ಇನ್ನೊಂದು ಗಳಿಗೆ ಬಿಟ್ಟರೆ ಕಹಿಯಾಗುವ ಹದ. ಯಾರಾದರೂ ಒಲೆ ಆರಿಸಲಿ ಎಂದು ಕೈಚೀಲ ಹಿಡಿದು ಅಲ್ಲಿಯೇ ನಿಂತೆ. ಆರಿಸಿದರು. ಆಮೇಲೆ ಮೇಲೆ ಹೋದೆ.

ಆ ವಾಸನೆ ನನಗೆ ನಾಗಪುರದ ಸದರ್‌ನ ಒಂದು ಹಳೆಯ ಬಂಗಲೆಯದು. ಅದರ ಮುಂದಿನ ಪಡಸಾಲೆಯಲ್ಲಿ ಒಬ್ಬರು ಇಟಾಲಿಯನ್ ಹೋಟೆಲು ನಡೆಸುತ್ತಿದ್ದರು. ನನ್ನ ಮಗಳು ಚಿಕ್ಕವಳಿದ್ದಾಗ ಅವರನ್ನು ಪಾಸ್ತಾ ಕಾಕಾ ಎಂದು ಕರೆದಳು. ಮನೆಯವರಿಗೆಲ್ಲ ಅದೇ ಹೆಸರಾಯಿತು. ವಯಸ್ಸಿನ ಬಹುಭಾಗ ಹಡಗುಗಳ ಅಡುಗೆಮನೆಯಲ್ಲಿ ದುಡಿದು, ತಾಯಿ ತೀರಿಕೊಂಡ ಮೇಲೆ ಊರಿಗೆ ಮರಳಿದವರು. ಮದುವೆಯಾಗಿರಲಿಲ್ಲ. ಹಿಂದಿನ ಕೋಣೆಯಲ್ಲಿ ವಾಸ, ಮುಂದೆ ಹೋಟೆಲು. ಅಡುಗೆಮನೆಗೂ ಮೇಜುಗಳಿಗೂ ನಡುವೆ ಎದೆಯೆತ್ತರದ ಗೋಡೆಯಷ್ಟೇ ಇತ್ತು. ಅದರಾಚೆ ಅವರು ಬಿಳಿ ಟೋಪಿಯಿಲ್ಲದೆ, ಹೆಗಲ ಮೇಲೆ ಪಂಚೆಯಂಥ ಒಂದು ಟವೆಲು ಹಾಕಿಕೊಂಡು ನಿಂತಿರುತ್ತಿದ್ದರು.

ನಮ್ಮದು ಧಾರವಾಡದ ಕಡೆಯ ಮನೆತನ. ಗಂಡನ ಕೇಂದ್ರ ಸರ್ಕಾರದ ನೌಕರಿ ನಮ್ಮನ್ನು ನಾಗಪುರಕ್ಕೆ ತಂದಿತು. ಅವರು ಹೆಚ್ಚಾಗಿ ಪ್ರವಾಸದಲ್ಲಿರುತ್ತಿದ್ದರು. ನಾನು ಇಲ್ಲಿ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಹೀಗಾಗಿ ಹೋಟೆಲಿಗೆ ಹೋಗುವವರೆಂದರೆ ನಾನು, ಮಗಳು ಮತ್ತು ನಮ್ಮ ಅತ್ತೆ. ಅತ್ತೆಗೆ ಅಲ್ಲಿಯ ಊಟ ಸೇರುತ್ತಿರಲಿಲ್ಲ ಎಂದಲ್ಲ, ಸೇರುತ್ತದೆ ಎಂದು ಒಪ್ಪಿಕೊಳ್ಳುವುದು ಸೇರುತ್ತಿರಲಿಲ್ಲ.

“ಶ್ಯಾವಿಗಿಗೆ ಹಾಲು ಬೆಲ್ಲ ಬಿಟ್ಟು ಟೊಮೆಟೊ ಹುಳಿ ಸುರುವ್ಯಾನ. ಈ ಕಡಬಿನಾಗ ಹೂರಣಾನ ಮರತಾನ” ಎನ್ನುತ್ತ ಬಟ್ಟಲು ಖಾಲಿ ಮಾಡುತ್ತಿದ್ದರು.

“ಅಜ್ಜಿ, ಹಳೂ ಮಾತಾಡ ನಾ. ಸುನ್ ಲೇಂಗೇ ವೋ” ಎಂದು ಮಗಳು, ಅವರಿಗೆ ಕೇಳಿಸೀತೆಂದು, ಮೊಣಕೈಯಿಂದ ತಿವಿಯುತ್ತಿದ್ದಳು.

ಕೊರೊನಾದ ಎರಡನೆಯ ಅಲೆಯಲ್ಲಿ ಕಾಕಾ ಆಸ್ಪತ್ರೆ ಸೇರಿದರು, ಬದುಕಿ ಬಂದರು. ಹೋಟೆಲು ಮತ್ತೆ ತೆರೆದಾಗ ನಾವು ಖುಷಿಯಿಂದಲೇ ಹೋದೆವು. ಏನೋ ಬದಲಾಗಿತ್ತು. ನನಗೆ ಮೊದಲು ಕಂಡದ್ದು ಮೇಜುಗಳು. ಉಪ್ಪು, ಮೆಣಸಿನಕಾಯಿ ಚೂರು, ಒಣಗಿದ ಸೊಪ್ಪಿನ ಪುಡಿ ಇವುಗಳ ಡಬ್ಬಿಗಳು ಇರಲಿಲ್ಲ. ನಾಗಪುರದಲ್ಲಿ ಖಾರದ ಡಬ್ಬಿಯಿಲ್ಲದೆ ಹೋಟೆಲು ನಡೆಸುವುದು ಧೈರ್ಯದ ಕೆಲಸ. ಬೇಕೆಂದವರು ಕೂಗಿ ಕೇಳಬೇಕಾಗಿತ್ತು. ಕೇಳಿದರೆ ಕಾಕಾ ತಾವೇ ಬರುತ್ತಿದ್ದರು. ಏನು ಕಮ್ಮಿಯಾಗಿದೆ, ಎಷ್ಟು ಕಮ್ಮಿಯಾಗಿದೆ ಎಂದು ವಿಚಾರಿಸಿಯೇ ಕೊಡುತ್ತಿದ್ದರು. ಇದನ್ನು ಕೆಲವರು ಜಿಪುಣತನವೆಂದರು, ಕೆಲವರು ಸೊಕ್ಕೆಂದರು.

ಎರಡನೆಯದು ಅವರ ನೋಟ. ತಟ್ಟೆ ತಂದಿಟ್ಟು ಹೋಗುತ್ತಿರಲಿಲ್ಲ. ಒಂದು ಹೆಜ್ಜೆ ಹಿಂದೆ ಸರಿದು, ಟವೆಲು ಹಿಂಡುತ್ತ, ನಾವು ಮೊದಲ ತುತ್ತು ಬಾಯಿಗಿಡುವುದನ್ನೇ ನೋಡುತ್ತ ನಿಲ್ಲುತ್ತಿದ್ದರು. ಕಣ್ಣು ಮಿಟುಕಿಸುತ್ತಿರಲಿಲ್ಲ. ನುಂಗಿದ ಮೇಲೆ “ಕೈಸಾ ಹೈ?” ಎಂದು ಕೇಳಿ ಒಳಗೆ ಹೋಗುತ್ತಿದ್ದರು. ಮೊದಲ ಸಲ ನನಗೆ ಮುಜುಗರವಾಯಿತು. ಎರಡನೆಯ ಸಲ ಸೆರಗು ಸರಿಮಾಡಿಕೊಂಡೆ.

“ಅಂವನ ಕಣ್ಣು ಬರೋಬರ್ ಇಲ್ಲವಾ. ಹುಡುಗಿ ಬೆಳದಾಳ, ಗ್ವಾಡಿ ಕಡೆ ಮಾರಿ ಮಾಡಿ ಕೂಡ್ರಸು” ಎಂದರು ಅತ್ತೆ ಮನೆಗೆ ಬರುವ ಆಟೋದಲ್ಲಿ. ನನಗೂ ಅದೇ ಅನಿಸಿತ್ತು.

ಸೀತಾಬರ್ಡಿ ಪೇಟೆಯಲ್ಲಿ ಬಟ್ಟೆ ಅಂಗಡಿಯಿದ್ದ ವ್ಯಾಪಾರಿಯೊಬ್ಬರು ಹೆಂಡತಿ, ಹೆಣ್ಣುಮಕ್ಕಳೊಂದಿಗೆ ಅಲ್ಲಿಗೆ ಬರುತ್ತಿದ್ದರು. ಒಂದು ಭಾನುವಾರ ಮಧ್ಯಾಹ್ನ ನಾವೂ ಇದ್ದೆವು. ಕಾಕಾ ಆ ವ್ಯಾಪಾರಿಯ ದೊಡ್ಡ ಮಗಳ ಮುಂದೆ ತಟ್ಟೆಯಿಟ್ಟು ಎಂದಿನಂತೆ ನಿಂತರು. ಹುಡುಗಿ ಫೋರ್ಕು ಎತ್ತಿದವಳು ಕೆಳಗಿಟ್ಟಳು. ವ್ಯಾಪಾರಿ ಕುರ್ಚಿ ದೂಡಿ ಎದ್ದು, ಏನು ನೋಡುತ್ತೀ, ಇಲ್ಲೇನು ಸಿನಿಮಾ ನಡೆದಿದೆಯೇ ಎಂದು ಗದರಿದರು.

“ಕ್ಯಾ ದೇಖ್ ರಹಾ ಹೈ ರೇ? ಪಿಕ್ಚರ್ ಚಾಲೂ ಹೈ ಕ್ಯಾ ಇಧರ್?”

ಕಾಕಾ ಕೈ ಮುಗಿದರು. “ಖಾನಾ ದೇಖ್ ರಹಾ ಥಾ, ಸೇಠ್” ಎಂದರು.

“ಖಾನಾ ಪ್ಲೇಟ್ ಮೇ ಹೈ. ತೂ ಮುಂಹ್ ದೇಖ್ ರಹಾ ಥಾ.”

ಊಟವನ್ನಲ್ಲ, ಮುಖವನ್ನು ನೋಡುತ್ತಿದ್ದೆ ಎಂಬುದು ಅವರ ಆರೋಪ. ನಾನು ಕಂಡದ್ದು ಇಷ್ಟು: ಕಾಕಾರ ತುಟಿ ತೆರೆಯಿತು, ಏನೋ ಹೇಳಲಿದ್ದರು, ಎಲ್ಲ ಮೇಜುಗಳ ಕಡೆಗೊಮ್ಮೆ ನೋಡಿ ಬಾಯಿ ಮುಚ್ಚಿಕೊಂಡರು. ತಪ್ಪಿತಸ್ಥರು ಹೀಗೆಯೇ ಮಾಡುತ್ತಾರೆ ಎಂದುಕೊಂಡೆ. ವ್ಯಾಪಾರಿ ಮನೆಮಂದಿಯನ್ನು ಎಬ್ಬಿಸಿಕೊಂಡು ಹೋದರು. ಸಂಜೆಯೊಳಗೆ ಆ ಭಾಗದ ವಾಟ್ಸಾಪ್ ಗುಂಪುಗಳಲ್ಲೆಲ್ಲ ಸುದ್ದಿಯಿತ್ತು. ಹೆಣ್ಣುಮಕ್ಕಳಿದ್ದವರು ಬರುವುದು ನಿಂತಿತು, ಆಮೇಲೆ ಉಳಿದವರದೂ. ಪಾತ್ರೆ ತೊಳೆಯಲು ಬರುತ್ತಿದ್ದ ಹೆಂಗಸೂ ಕೆಲಸ ಬಿಟ್ಟಳು. ಆ ಹೋಟೆಲು ಬಿಟ್ಟರೆ ಆ ಮನುಷ್ಯನಿಗೆ ಬೇರೆ ಬದುಕಿರಲಿಲ್ಲ. ಅದು ಮುಳುಗುತ್ತಿರುವುದು ರಸ್ತೆಯಲ್ಲಿ ಹೋಗುವವರಿಗೂ ಕಾಣುತ್ತಿತ್ತು.

ಆದರೂ ನಾವು ಹೋಗುವುದನ್ನು ಬಿಡಲಿಲ್ಲ. ಮಗಳ ಹಟ ಒಂದು ಕಾರಣ. ಇನ್ನೊಂದು, ನನಗೆ ಖಚಿತವಾಗಬೇಕಿತ್ತು. ಮಗಳನ್ನು ಗೋಡೆಯ ಕಡೆ ಕೂರಿಸಿ, ನಾನು ಅಡುಗೆಮನೆಗೆ ಎದುರಾಗಿ ಕುಳಿತು ಅವರನ್ನು ನೋಡತೊಡಗಿದೆ. ಅವರು ಗಂಡಸರನ್ನೂ ಹಾಗೆಯೇ ನೋಡುತ್ತಿದ್ದರು. ಹಲ್ಲಿಲ್ಲದ ಮುದುಕರೊಬ್ಬರನ್ನು ಇನ್ನೂ ಹೆಚ್ಚು ಹೊತ್ತು ನೋಡಿದರು. ನುಂಗಿದ ಮೇಲೆ ಅವರ ಕಣ್ಣಿಗೆ ಯಾರೂ ಬೇಕಿರಲಿಲ್ಲ. ಒಲೆಯ ಮುಂದೆ ಇನ್ನೊಂದು ವಿಚಿತ್ರ ಕಂಡೆ. ಎಣ್ಣೆಗೆ ಬೆಳ್ಳುಳ್ಳಿ ಹಾಕಿ, ತಲೆ ವಾರೆ ಮಾಡಿ, ಬಾಣಲೆಗೆ ಕಿವಿ ಕೊಡುತ್ತಿದ್ದರು. ಸದ್ದು ಬದಲಾದಾಗ ಕೆಳಗಿಳಿಸುತ್ತಿದ್ದರು. ಒಮ್ಮೆ ಹೊರಗೆ ಯಾವುದೋ ಮದುವೆಯ ಬ್ಯಾಂಡು ಹೋಗುತ್ತಿತ್ತು. ಅವತ್ತು ಬೆಳ್ಳುಳ್ಳಿ ಕಪ್ಪಾಯಿತು.

ಇನ್ನೊಂದು ದಿನ ಅತ್ತೆಯ ಕಟ್ಟಿಸಿದ ಹಲ್ಲಿನ ಸಂದಿಗೆ ಕಾಳುಮೆಣಸು ಸಿಕ್ಕಿಕೊಂಡಿತು. ಅವರು ಮುಖ ಕಿವುಚಿದರು, ಕಣ್ಣಲ್ಲಿ ನೀರು ಬಂತು. ಕಾಕಾ ಒಂದು ಮಾತೂ ಕೇಳದೆ ತಟ್ಟೆ ಎತ್ತಿಕೊಂಡು ಒಳಗೆ ಓಡಿದರು. ಸ್ವಲ್ಪ ಹೊತ್ತಿಗೆ ಹೊಸ ತಟ್ಟೆ ಬಂತು. ನಾನೂ ಒಂದು ಚಮಚ ತಿಂದೆ. ಉಪ್ಪೇ ಇರಲಿಲ್ಲ. ಮೊದಲಿನದಕ್ಕೆ ಉಪ್ಪು ಸರಿಯಾಗಿತ್ತು. ಅವರು ಕಂಡದ್ದು ಅತ್ತೆಯ ಮುಖವನ್ನು ಮಾತ್ರ.

“ನನಗ ಹಲ್ಲ ನೋವಾದರ ಇಂವ ಉಪ್ಪ ಕಡಿಮಿ ಮಾಡತಾನಲ್ಲ, ಎಂಥಾ ಡಾಕ್ಟರು!” ಎಂದು ಅತ್ತೆ ನಕ್ಕರು. ನಾನು ನಗಲಿಲ್ಲ. ನನ್ನ ಸಂಶಯ ಅವರ ಕಣ್ಣನ್ನು ಬಿಟ್ಟು ನಾಲಿಗೆಯ ಮೇಲೆ ಹೋಗಿ ಕೂತಿತು. ಈ ಮನುಷ್ಯ ಬೇಯಿಸುತ್ತಾರೆ, ಆದರೆ ರುಚಿ ನೋಡುವುದನ್ನು ಒಮ್ಮೆಯೂ ಕಂಡಿರಲಿಲ್ಲ...

ಮುಂದಿನ ಸಲ ಹೋದಾಗ ಕೇಳಿಯೇ ಬಿಡಬೇಕೆಂದಿದ್ದೆ. ಶಾಲೆಗೆ ರಜೆ, ಮಧ್ಯಾಹ್ನ. ನಮ್ಮನ್ನು ಬಿಟ್ಟು ಯಾರೂ ಇರಲಿಲ್ಲ. ಕಾಕಾ ತರಕಾರಿ ಹೆಚ್ಚಿಟ್ಟು ಗೋಡೆಯಾಚೆ ಒಲೆಯ ಮುಂದೆ ನಿಂತಿದ್ದರು. ಹೊರಗೆ ಬಿಸಿಲಿನ ಝಳ, ಕಿಟಕಿಗಳು ಮುಚ್ಚಿದ್ದವು.

“ಏನವಾ, ಗ್ಯಾಸಿನ ವಾಸನಿ ಬರಾಕತ್ತೈತಲ್ಲ?” ಎಂದರು ಅತ್ತೆ.

ಅವರು ಹೇಳುತ್ತಿದ್ದಂತೆ ನನಗೂ ಬಂತು. ಎಳೆಯಾಗಿ ಅಲ್ಲ, ದಟ್ಟವಾಗಿ. ಅಡುಗೆಮನೆಯಲ್ಲಿ ಅದು ಇನ್ನೂ ಹೆಚ್ಚಿರಬೇಕು. ಕಾಕಾ ಅದರ ನಡುವೆ ಆರಾಮಾಗಿ ನಿಂತಿದ್ದರು. ಎಡಗೈಯಲ್ಲಿ ಬಾಣಲೆ, ಬಲಗೈಯಲ್ಲಿ ಲೈಟರು. ಲೈಟರು ಒಲೆಯ ಕಡೆಗೆ ಇಳಿಯುತ್ತಿತ್ತು.

“ಕಾಕಾ, ಥಾಂಬಾ!” ನಿಲ್ಲಿ ಎಂದು ನಾನು ಕಿರುಚಿದೆ. ಆ ದನಿ ನನ್ನದೆಂದು ನನಗೇ ಗೊತ್ತಾಗಲಿಲ್ಲ.

ಅವರ ಕೈ ನಿಂತಿತು. ಯಾಕೆಂದು ಕೇಳಲಿಲ್ಲ. ಮೂಗು ಅರಳಿಸಿ ಗಾಳಿ ಎಳೆದುಕೊಳ್ಳಲೂ ಇಲ್ಲ. ತಲೆಯೆತ್ತಿ ನಮ್ಮ ಮೂವರ ಮುಖಗಳನ್ನು ಒಂದೊಂದಾಗಿ ನೋಡಿದರು, ಮೊದಲ ತುತ್ತಿನ ಹೊತ್ತಿಗೆ ನೋಡುವಂತೆಯೇ. ಅತ್ತೆಯದು, ನನ್ನದು, ಮಗಳದು. ಮಗಳು ಸೆರಗಿನ ತುದಿಯಿಂದ ಮೂಗು ಮುಚ್ಚಿಕೊಂಡಿದ್ದಳು, ನನ್ನ ಸೆರಗು. ಅದನ್ನು ನೋಡಿ ಅವರಿಗೆ ಅರ್ಥವಾಯಿತು. ಲೈಟರನ್ನು ಮೊಟ್ಟೆಯಿಡುವ ಹಾಗೆ ಮೆಲ್ಲಗೆ ಕಟ್ಟೆಯ ಮೇಲಿಟ್ಟರು.

ಸ್ವಿಚ್ಚು ಮುಟ್ಟಬೇಡ ಎಂದು ಮಗಳಿಗೆ ಹೇಳಿ, ಅವಳನ್ನೂ ಅತ್ತೆಯನ್ನೂ ಹೊರಗೆ ಕಳಿಸಿ ಕಿಟಕಿಗಳನ್ನು ತೆರೆದೆ. ಕಾಕಾ ಸಿಲಿಂಡರಿನ ರೆಗ್ಯುಲೇಟರು ಮುಚ್ಚಿದರು. ರಬ್ಬರು ಕೊಳವೆಯನ್ನು ಇಲಿ ಕಚ್ಚಿತ್ತು.

ಅಂಗಳದ ಬೇವಿನ ನೆರಳಿನಲ್ಲಿ ಬಹಳ ಹೊತ್ತು ಕುಳಿತೆವು. ಕಾಕಾ ತಾವಾಗಿಯೇ ಹಿಂದಿಯಲ್ಲಿ ಹೇಳಿದರು. ಜ್ವರ ಹೋದಾಗ ವಾಸನೆ ಹೋಯಿತು, ರುಚಿಯೂ ಹೋಯಿತು. ತಿಂಗಳೊಳಗೆ ಬರುತ್ತದೆ ಎಂದ ಡಾಕ್ಟರು ಆಮೇಲೆ ಹೇಳುವುದನ್ನು ಬಿಟ್ಟರು. ಕೈಗೆ ಅಳತೆ ಗೊತ್ತಿತ್ತು. ಅಳತೆ ತಪ್ಪಿದರೆ ತಿನ್ನುವವರ ಹುಬ್ಬು ಹೇಳುತ್ತಿತ್ತು. ಡಬ್ಬಿಗಳನ್ನು ತೆಗೆದದ್ದು ಅದಕ್ಕೇ. ಅವು ಮೇಜಿನ ಮೇಲಿದ್ದರೆ ಜನ ಸುಮ್ಮನೆ ಹಾಕಿಕೊಳ್ಳುತ್ತಿದ್ದರು, ಇವರಿಗೆ ಗೊತ್ತಾಗುತ್ತಿರಲಿಲ್ಲ.

“ಆ ಸೇಠ್‌ಗೆ ಇದನ್ನೇ ಹೇಳಬಹುದಿತ್ತಲ್ಲ?” ಎಂದೆ.

“ಕಣ್ಣು ಕೆಟ್ಟವನು ಅಂದರೆ ನಾಲ್ಕು ಜನ ಬರೋದಿಲ್ಲ ತಾಯಿ. ನಾಲಿಗೆ ಸತ್ತವನು ಅಂದರೆ ಯಾರು ಬರುತ್ತಾರೆ?” ಎಂದರು. ಆಮೇಲೆ ಮಗಳ ಕಡೆ ನೋಡಿ ಮುಖ ತಿರುಗಿಸಿಕೊಂಡರು. “ಉಪ್ಪನ್ನು ನಿಮ್ಮ ಮುಖ ಹೇಳುತ್ತಿತ್ತು. ಈ ಗ್ಯಾಸನ್ನು, ನಾನು ಒಬ್ಬನೇ ಇದ್ದಾಗ, ಯಾರು ಹೇಳುತ್ತಾರೆ?”

ನನಗೆ ಮರುಕ ಬಂತು. ಸಿಟ್ಟೂ ಬಂತು. ಮೂಗಿಲ್ಲದ ಮನುಷ್ಯ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಇಷ್ಟು ದಿನ ಬೆಂಕಿ ಹಚ್ಚಿದ್ದರು. ಹಾಲು, ಕೆನೆ ಕೆಟ್ಟದ್ದೂ ಅವರಿಗೆ ತಿಳಿಯುತ್ತಿರಲಿಲ್ಲ. ಅದನ್ನು ಅವರು ಯೋಚಿಸಿರಲಿಲ್ಲವೋ, ಯೋಚಿಸಿಯೂ ಸುಮ್ಮನಿದ್ದರೋ... ಈ ಒಂದು ಸಂಶಯ ನನ್ನಲ್ಲಿ ಈಗಲೂ ಇದೆ. ಅವರನ್ನು ಕೇಳಲಿಲ್ಲ.

ಹೋಟೆಲು ಮುಚ್ಚಿದವರು ಅವರೇ. ಮುಚ್ಚುವ ಮುನ್ನ ನಮ್ಮನ್ನು ಊಟಕ್ಕೆ ಕರೆದರು. ಹೊಸ ಕೊಳವೆ ಹಾಕಿಸಿದ್ದರು. ಆದರೂ ಅತ್ತೆ ಮೊದಲು ಒಳಗೆ ಹೋಗಿ, ನಾಲ್ಕೂ ಮೂಲೆಗೆ ಮೂಗು ಹಚ್ಚಿ, “ಹಚ್ಚರಿ ಈಗ” ಎಂದು ಅಪ್ಪಣೆ ಕೊಟ್ಟರು. ಮಗಳು ಪಕ್ಕದಲ್ಲಿ ನಿಂತು ಉಪ್ಪು ನೋಡಿದಳು. “ಔರ್ ಥೋಡಾ. ಬಸ್, ಬಸ್ ಕಾಕಾ!” ಎಂದಾಗ ಅವರು ಆಜ್ಞಾಪಾಲಕರಂತೆ ಕೈ ಹಿಂದೆಗೆದರು. ಅವತ್ತಿನ ಟೊಮೆಟೊ ಸಾರು, ಹುರಿದ ಬದನೆಕಾಯಿ, ಕೈಯಲ್ಲಿ ಲಟ್ಟಿಸಿ ಕತ್ತರಿಸಿದ ಅಗಲ ಶ್ಯಾವಿಗೆ... ಅಷ್ಟು ಚೆನ್ನಾದ ಊಟ ನಾನು ಅಲ್ಲಿ ಮಾಡಿರಲಿಲ್ಲ.

ಬಡಿಸಿದ ಮೇಲೆ ಕಾಕಾ ಮೊದಲ ಬಾರಿಗೆ ನಮ್ಮೊಂದಿಗೆ ಮೇಜಿಗೆ ಕುಳಿತರು. ಫೋರ್ಕಿಗೆ ಸುತ್ತಿ ಬಾಯಿಗಿಟ್ಟರು. ನಾವು ಮೂವರೂ ಅವರ ಮುಖವನ್ನೇ ನೋಡುತ್ತಿದ್ದೆವು. ಅಗಿದರು, ನುಂಗಿದರು. ಮುಖದಲ್ಲಿ ಏನೂ ಬರಲಿಲ್ಲ.

“ಹೆಂಗ ಆಗೇತ್ರಿ?” ಎಂದರು ಅತ್ತೆ, ಕನ್ನಡದಲ್ಲೇ.

ಅವರಿಗೆ ತಿಳಿಯಿತು. “ಗರಮ್ ಹೈ, ಆಜಿ” ಎಂದರು. ಇನ್ನೊಂದು ತುತ್ತು ಅಗಿದು, “ಔರ್ ನರಮ್ ಹೈ.”

ಬಿಸಿಯಾಗಿದೆ, ಮೆತ್ತಗಿದೆ. ಅಷ್ಟೇ ಅವರಿಗೆ ಸಿಕ್ಕಿದ್ದು. ಅತ್ತೆ ಮತ್ತೆ ಹಾಸ್ಯ ಮಾಡಲಿಲ್ಲ.

ಆಮೇಲೆ ಅವರು ಕಳಮೇಶ್ವರದಲ್ಲಿದ್ದ ತಂಗಿಯ ಮನೆಗೆ ಹೋದರು. ಒಂದೆರಡು ಸಲ ಫೋನಿನಲ್ಲಿ ಮಾತಾಡಿದೆವು. ಮಗಳ ಪರೀಕ್ಷೆ, ಅತ್ತೆಯ ಹಲ್ಲು ಎಲ್ಲ ವಿಚಾರಿಸಿದರು, ಅಡುಗೆಯ ಮಾತು ಎತ್ತಲಿಲ್ಲ. ಕಳೆದ ಚಳಿಗಾಲದಲ್ಲಿ ತೀರಿಕೊಂಡರೆಂದು ತಂಗಿಯಿಂದ ತಿಳಿಯಿತು. ಬಂಗಲೆಯ ಪಡಸಾಲೆಯಲ್ಲಿ ಈಗ ಕೋಚಿಂಗ್ ಕ್ಲಾಸು ನಡೆಯುತ್ತಿದೆ. ಎದೆಯೆತ್ತರದ ಗೋಡೆಯನ್ನು ಒಡೆದಿದ್ದಾರೆ.

ಈ ವಾರ ಸೀತಾಬರ್ಡಿಯ ಮೆಟ್ರೋ ನಿಲ್ದಾಣದಲ್ಲಿ ಆ ಬಟ್ಟೆ ವ್ಯಾಪಾರಿಯ ಹೆಂಡತಿ ಸಿಕ್ಕರು. ಅವರೇ ಗುರುತು ಹಿಡಿದು ಮಾತಾಡಿಸಿದರು. “ಆ ದಿಟ್ಟಿಸುವವನು ಸತ್ತನಂತೆ?” ಎಂದರು ಹಿಂದಿಯಲ್ಲಿ. ಇನ್ನು ಕಾಕಾರ ಹೋಟೆಲಿಗೆ ಕೆಡುವುದೇನೂ ಉಳಿದಿರಲಿಲ್ಲ. ಹೆಸರಾದರೂ ಉಳಿಯಲಿ ಎಂದು ನಾನು ಎಲ್ಲವನ್ನೂ ಹೇಳಿದೆ, ಮೊದಲಿನಿಂದ, ನಿಧಾನವಾಗಿ, ಕಂಡದ್ದಷ್ಟನ್ನೇ. ಅವರು ಗಲ್ಲಕ್ಕೆ ಕೈಹಚ್ಚಿ ಕೇಳಿದರು. ಅರೇರೆ, ಪಾಪ ಎಂದರು. ಕಣ್ಣು ಕೊಂಚ ತೇವವೂ ಆಯಿತು. ನನ್ನ ಎದೆ ಹಗುರಾಗುತ್ತಿತ್ತು.

ಅಷ್ಟರಲ್ಲಿ ಅವರು ಹುಬ್ಬು ಗಂಟಿಕ್ಕಿ ನನ್ನ ಕೈ ಹಿಡಿದರು.

“ಅಂದರೆ ಬಾಯಿಗೆ ರುಚಿಯೇ ಇಲ್ಲದೆ ಅವನು ನಮ್ಮ ಮಕ್ಕಳಿಗೆ ಏನೇನು ತಿನ್ನಿಸಿದನೋ, ಅಲ್ವಾ?”

ರೈಲು ಬಂತು. ಅವರು ಹತ್ತಿದರು. ನಾನೂ ಹತ್ತಬೇಕಿತ್ತು, ಅದು ನನ್ನದೇ ರೈಲು. ಬಾಗಿಲು ಮುಚ್ಚುವವರೆಗೆ ಅಲ್ಲಿಯೇ ನಿಂತಿದ್ದೆ.