ಅಡುಗೆಮನೆಯ ಮಗ್ಗಿ

ಶಾಲೆ ತೆರೆದ ಮೊದಲ ವರ್ಷದ ಮಕ್ಕಳು ಮಗ್ಗಿ ಕಲಿತದ್ದು ಹೇಗೆ ಎಂದು ನಾನು ನನ್ನ ತಂಗಿಗೆ ಹೇಳಲಿಲ್ಲ. ಬಾಯಿಪಾಠ ಮಾಡಿಸಿದವಳು ನಾನು — ಅವಳದೇ ಶಾಲೆಯ ಅಡುಗೆಮನೆಯಲ್ಲಿ, ಬಾಗಿಲು ಮುಂದಕ್ಕೆ ಹಾಕಿಕೊಂಡು, ಅವಳಿಗೆ ಗೊತ್ತಾಗದ ಹಾಗೆ. ಮಕ್ಕಳು ತಾವಾಗಿಯೇ ಕಲಿತರೆಂದು ಅವಳು ನಂಬಿದಳು. ನಂಬಿ ಕುಣಿದಾಡಿದಳು. ನಾನು ಪಕ್ಕದಲ್ಲೇ ನಿಂತು ನಗುತ್ತಿದ್ದೆ, ಬಾಯಿ ಬಿಡಲಿಲ್ಲ. ಒಂದು ದಿನವಲ್ಲ, ವರ್ಷಗಟ್ಟಲೆ.

ನಾನು ಓದಿದ್ದು ಏಳನೇ ಕ್ಲಾಸು. ತಂಗಿ ಸುಮಾ ಡಿಗ್ರಿ ಮಾಡಿದವಳು. ಬೆಂಗಳೂರಿನಲ್ಲಿ ಮಾಂಟೆಸ್ಸರಿ ತರಬೇತಿ ಮುಗಿಸಿಕೊಂಡು ಅರಸೀಕೆರೆಗೆ ಬಂದು, ರೈಲ್ವೆ ಸ್ಟೇಷನ್ನಿನ ಹಿಂದಿನ ಬೀದಿಯ ಬಾಡಿಗೆ ಮನೆಯೊಂದರಲ್ಲಿ ಪುಟ್ಟ ಶಾಲೆ ತೆರೆದಳು. ಮೂರರಿಂದ ಆರು ವರ್ಷದ ಮಕ್ಕಳು. ಅಡುಗೆ ಮಾಡುವುದು, ಕಸ ಗುಡಿಸುವುದು, ಮೂಗು ಒರೆಸುವುದು ನನ್ನ ಪಾಲಿನ ಕೆಲಸ ಎಂದುಕೊಂಡಿದ್ದೆ. ಮೂಗು ಒರೆಸುವಂತಿಲ್ಲ ಎಂದು ಮೊದಲ ದಿನವೇ ತಿಳಿಯಿತು. ಕನ್ನಡಿಯ ಮುಂದೆ ನಿಂತು ಮಗುವೇ ಒರೆಸಿಕೊಳ್ಳಬೇಕಂತೆ. ಒರೆಸಿಕೊಳ್ಳುತ್ತಿದ್ದವು ಕೂಡ — ಮೂಗಿಗಿಂತ ಕೆನ್ನೆಗೇ ಹೆಚ್ಚು.

ಆ ಶಾಲೆಯಲ್ಲಿ ದೊಡ್ಡವರಿಗೆ ಮಾಡುವ ಕೆಲಸಕ್ಕಿಂತ ಮಾಡದೆ ಇರುವ ಕೆಲಸವೇ ಕಷ್ಟ. ನೀರು ಚೆಲ್ಲಿದ ಮಗುವೇ ನೆಲ ಒರೆಸಬೇಕು, ನಾನು ಬಟ್ಟೆ ಹಿಡಿದು ಓಡಬಾರದು. ಗುಂಡಿ ತಪ್ಪಾಗಿ ಹಾಕಿಕೊಂಡರೆ ಹಾಕಿಕೊಳ್ಳಲಿ. ಬಯ್ಯಬಾರದು, ಭೇಷ್ ಎನ್ನಲೂಬಾರದು, ಆಸೆ ತೋರಿಸಿ ತಿಂಡಿ ಕೊಡುವುದಂತೂ ಬೇಡವೇ ಬೇಡ. ಯಾಕೆ ಎಂದು ಕೇಳಿದರೆ ಸುಮಾ, ಮಗುವಿಗೆ ಕೆಲಸವೇ ಸಂತೋಷ, ನಾವು ನಡುವೆ ಹೋಗಬಾರದು ಅಷ್ಟೆ ಎನ್ನುತ್ತಿದ್ದಳು. ನಾನು ಕೈ ಕಟ್ಟಿಕೊಂಡು ಕೂರುತ್ತಿದ್ದೆ. ಕೈ ತುರಿಸುತ್ತಿತ್ತು.

ಆ ಮಕ್ಕಳಲ್ಲಿ ಧನ್ಯಾ ಎಂಬ ಐದು ವರ್ಷದ ಹುಡುಗಿ ಇದ್ದಳು. ಜುಟ್ಟು ತಾನೇ ಹಾಕಿಕೊಂಡು ಬರುತ್ತಿದ್ದಳು, ಹಾಗಾಗಿ ಒಂದು ಕಿವಿಯ ಮೇಲೆ, ಇನ್ನೊಂದು ಕಿವಿಯ ಕೆಳಗೆ. ಅವಳಿಗೆ ಮಣಿಗಳೆಂದರೆ ಪ್ರಾಣ. ತಂತಿಗೆ ಪೋಣಿಸಿದ ಬಣ್ಣದ ಮಣಿಗಳು — ಎರಡರದೊಂದು ಕಡ್ಡಿ, ಮೂರರದೊಂದು ಕಡ್ಡಿ, ಹೀಗೆ. ಚಾಪೆ ಹಾಸಿ, ಅವನ್ನು ಜೋಡಿಸಿ, ಎಣಿಸಿ, ಕೆಡವಿ, ಮತ್ತೆ ಜೋಡಿಸಿ — ತನ್ನಷ್ಟಕ್ಕೇ ಗುನುಗಿಕೊಂಡು ಕೂರುತ್ತಿದ್ದಳು. ಒಮ್ಮೆ ಸೌಟು ಕೈಯಲ್ಲಿ ಹಿಡಿದೇ ಊಟಕ್ಕೆ ಕರೆಯಲು ಹೋದೆ. ತಲೆ ಎತ್ತದೆಯೇ, "ಕೆಲ್ಸದಲ್ಲಿದೀನಿ ದೊಡ್ಡಾಂಟಿ" ಎಂದಳು — ತಾಲ್ಲೂಕು ಕಚೇರಿಯ ಗುಮಾಸ್ತರ ಹಾಗೆ. ಮಕ್ಕಳಿಗೆ ಅವಳು ಸುಮಾ ಆಂಟಿ, ನಾನು ದೊಡ್ಡಾಂಟಿ.

ಧನ್ಯಾಳನ್ನು ಕರೆದೊಯ್ಯಲು ಅವಳ ಅಜ್ಜಿ ಬರುತ್ತಿದ್ದರು. ಹಾರನಹಳ್ಳಿ ಕಡೆಯವರು, ಮಾತು ನೇರ. ಒಂದು ಮಧ್ಯಾಹ್ನ ಬಂದಾಗ ಮೊಮ್ಮಗಳು ಲೋಟ ತೊಳೆಯುತ್ತಿದ್ದುದು ಕಣ್ಣಿಗೆ ಬಿತ್ತು. ಗೇಟಿನ ಹತ್ತಿರವೇ ಸುಮಾಳನ್ನು ನಿಲ್ಲಿಸಿಕೊಂಡರು.

"ಅಲ್ಲ ಕಣವ್ವ, ಲೋಟ ತೊಳೆಯಾದು ಕಲಿಯಕ್ಕೆ ನಿಮ್ಗೆ ಫೀಸ್ ಬೇರೆ ಕಟ್ಬೇಕಾ? ಪಕ್ಕದ್ಮನೆ ಹುಡ್ಗ ಕಾನ್ವೆಂಟಿಗೆ ಹೋಗಿ ಐದರ ಮಗ್ಗಿ ಹೇಳ್ತಾನೆ. ನಮ್ಮವ್ಳಿಗೆ ಎರಡರದ್ದೂ ಬರಾಕಿಲ್ಲ. ದಸರಾ ರಜ ಮುಗೀಲಿ, ಅಲ್ಲಿಗೇ ಹಾಕ್ತೀವಿ."

ಜೊತೆಗೆ ನಿಂತಿದ್ದ ತಾಯಂದಿರು ತಲೆಯಾಡಿಸಿದರು. ಮೊದಲು ಲೆಕ್ಕ ಕೈಗೆ ಬರಬೇಕು, ಆಮೇಲೆ ಬಾಯಿಗೆ ಎಂದು ಸುಮಾ ಎಷ್ಟು ವಿವರಿಸಿದರೂ ಅಜ್ಜಿ, ಆಯ್ತು ಬಿಡವ್ವ ಎಂದು ಆಟೋ ಹತ್ತಿದರು. ಅವತ್ತು ಸಂಜೆ ಸುಮಾ ಒರೆಸಿದ ಕಪಾಟನ್ನೇ ಮತ್ತೆ ಮತ್ತೆ ಒರೆಸುತ್ತಿದ್ದಳು. ಒಬ್ಬಳು ಬಿಟ್ಟರೆ ಉಳಿದವರೂ ಬಿಡುತ್ತಾರೆ, ಶಾಲೆ ಮುಚ್ಚಿಹೋಗುತ್ತದೆ ಎಂದು ನನಗೆ ಭಯವಾಯಿತು.

ಊಟವಾದ ಮೇಲೆ ಚಿಕ್ಕವು ಮಲಗುತ್ತಿದ್ದವು, ಸುಮಾ ಅವುಗಳ ಹತ್ತಿರ ಇರುತ್ತಿದ್ದಳು. ದೊಡ್ಡವು ತಟ್ಟೆ ಒರೆಸಲು ನನ್ನ ಬಳಿ ಬರುತ್ತಿದ್ದವು. ಅಷ್ಟು ಸಾಕಾಯಿತು. ಬಾಗಿಲು ಹಾಕಿ, ನಮ್ಮ ಮೇಷ್ಟ್ರು ಹೇಳಿಸುತ್ತಿದ್ದ ಅದೇ ರಾಗದಲ್ಲಿ, ಆದರೆ ಪಿಸುದನಿಯಲ್ಲಿ, ಎರಡೊಂದ್ಲೆ ಎರಡು ಶುರು ಮಾಡಿದೆ. ನಮ್ಮ ಯಜಮಾನರು ಕೊಬ್ಬರಿ ಮಂಡಿಯಲ್ಲಿ ಕೆಲಸಕ್ಕಿದ್ದಾರೆ, ಮನೆಯಲ್ಲಿ ಕೊಬ್ಬರಿ ಚೂರಿಗೆ ಬರವಿಲ್ಲ. ತಪ್ಪದೆ ಹೇಳಿದವರಿಗೆ ಒಂದು ಚೂರು ಕೊಬ್ಬರಿ, ಮೇಲೊಂದು ಚೂರು ಬೆಲ್ಲ. ತಪ್ಪಿದವರಿಗೆ ಬರಿ ಬೆಲ್ಲ. ಸುಮಾ ಆಂಟಿಗೆ ಹೇಳಬೇಡಿ ಎಂದೆ — ಮಕ್ಕಳಿಗೆ ಅದನ್ನೂ ಕಲಿಸಿದೆ. ಅವುಗಳಿಗೋ ಕಳ್ಳಾಟದ ಸಂಭ್ರಮ. ನಿಜ ಹೇಳಬೇಕೆಂದರೆ, ನನಗೂ. ಏಳನೇ ಕ್ಲಾಸಿಗೆ ನಿಂತವಳು ಟೀಚರ್ ಆಗಿದ್ದೆನಲ್ಲ — ಆ ಸುಖ ಹೇಗಿತ್ತೆಂದರೆ...

ದಸರಾ ರಜೆಗೆ ಮುಂಚೆ ಅಜ್ಜಿ ಬಂದಾಗ ಧನ್ಯಾ ಗೇಟಿನಲ್ಲೇ ನಿಂತು, ಎರಡರದ್ದು, ಮೂರರದ್ದು, ಐದರದ್ದು, ಉಸಿರು ಬಿಡದೆ ಒಪ್ಪಿಸಿದಳು. ಅಜ್ಜಿ ಅಲ್ಲಿದ್ದ ಎಲ್ಲರೆದುರೂ ದೃಷ್ಟಿ ತೆಗೆದು ನೆಟಿಗೆ ಮುರಿದರು. ಸುಮಾ ಒಳಗೆ ಓಡಿಬಂದು ನನ್ನ ಹಿಟ್ಟಿನ ಕೈ ಹಿಡಿದುಕೊಂಡಳು.

"ನೋಡ್ದಾ ಅಕ್ಕ? ನಾನು ಒಂದಿನಾನೂ ಹೇಳ್ಕೊಟ್ಟಿಲ್ಲ. ಮಣಿ ಇಟ್ಕೊಂಡು ಅವಳೇ ಕಂಡ್ಕೊಂಡಿದಾಳೆ."

"ಹೂಂ ಕಣೇ" ಎಂದೆ. ಅಷ್ಟೇ ನಾನು ಆಡಿದ ಸುಳ್ಳು. ಒಂದೇ ಮಾತು — ಆದರೆ ಅದರ ಮೇಲೆ ಅವಳು ಏನೇನು ಕಟ್ಟಿದಳು!

ಯಾರೂ ಶಾಲೆ ಬಿಡಲಿಲ್ಲ. ಆ ಚಳಿಗಾಲದಲ್ಲಿ ಮಕ್ಕಳನ್ನು ವ್ಯಾನಿನಲ್ಲಿ ಹಳೇಬೀಡಿಗೆ ಕರೆದುಕೊಂಡು ಹೋದೆವು. ದೇವಸ್ಥಾನದ ಗೋಡೆಯ ಬುಡದಲ್ಲಿ ಆನೆಗಳ ಸಾಲಿದೆಯಲ್ಲ, ಅದು ಸರಿಯಾಗಿ ಮಕ್ಕಳ ಎತ್ತರಕ್ಕಿದೆ. ಧನ್ಯಾ ಏನು ಮಾಡುತ್ತಾಳೋ ಸುಮ್ಮನೆ ನೋಡು ಎಂದು ಸುಮಾ ನನ್ನ ಕಿವಿಯಲ್ಲಿ ಹೇಳಿದಳು. ಧನ್ಯಾ ಒಂದು ಆನೆಯ ಮೇಲೆ ಬೆರಳಿಟ್ಟಳು. ಇನ್ನೊಂದರ ಮೇಲೆ ಇಟ್ಟಳು. ನಿಂತಳು. ಹಿಂದಿರುಗಿ ನನ್ನ ಮುಖ ನೋಡಿದಳು. ಆಮೇಲೆ ಆನೆಗಳನ್ನು ಅಲ್ಲೇ ಬಿಟ್ಟು ನನ್ನ ಬಳಿ ಬಂದು, ಎರಡರ ಮಗ್ಗಿಯನ್ನು ಗಡಗಡನೆ ಹೇಳಿ ಕೈ ಚಾಚಿದಳು.

ಹಸಿವಾಗಿರಬೇಕು ಎಂದು ಸುಮಾ ನಕ್ಕು ಚೀಲದಿಂದ ಚಕ್ಕುಲಿ ತೆಗೆದುಕೊಟ್ಟಳು. ನಾನು ಆ ಪುಟ್ಟ ಅಂಗೈಯನ್ನೇ ನೋಡುತ್ತಿದ್ದೆ. ಊಟಕ್ಕೆ ಕರೆದರೂ ತಲೆ ಎತ್ತದಿದ್ದ ಹುಡುಗಿ ಈಗ ಎರಡು ಎಣಿಸುವುದಕ್ಕೂ ಇನ್ನೊಬ್ಬರ ಮುಖ ನೋಡುತ್ತಿದ್ದಳು. ಅವಳು ಮಣಿ ಮುಟ್ಟದೆ ಎಷ್ಟೋ ದಿನವಾಗಿತ್ತು. ಅದು ನನಗೆ ಗೊತ್ತಿತ್ತು — ಗೊತ್ತಿಲ್ಲದ ಹಾಗೆ ಇದ್ದೆ.

ಮರುದಿನದಿಂದ ಅಡುಗೆಮನೆಯ ಪಾಠ ನಿಲ್ಲಿಸಿದೆ. ನಿಲ್ಲಿಸಿದೆನೇ ಹೊರತು ಹೇಳಲಿಲ್ಲ. ಶಾಲೆ ಬೆಳೆಯಿತು. ಪ್ರತಿ ಜೂನ್ ತಿಂಗಳು ಹೊಸ ತಂದೆತಾಯಂದಿರ ಮುಂದೆ ಸುಮಾ ಧನ್ಯಾಳ ಕಥೆ ಹೇಳುತ್ತಿದ್ದಳು, ನಾನು ಟೀ ಲೋಟಗಳನ್ನು ಹಂಚುತ್ತಿದ್ದೆ. ಧನ್ಯಾ ಈಗ ಹೈಸ್ಕೂಲಿನಲ್ಲಿದ್ದಾಳೆ, ಪೇಟೆಯಲ್ಲಿ ಸಿಕ್ಕರೆ ನಗುತ್ತಾಳೆ, ಚೆನ್ನಾಗಿಯೇ ಓದುತ್ತಾಳಂತೆ. ಅದನ್ನು ಹೇಳಿಕೊಂಡು ನಾನು ಹಗುರಾಗಲಾರೆ.

ಮೊನ್ನೆ ಬೇಲೂರಿನಲ್ಲಿ ಇಬ್ಬರು ಹುಡುಗಿಯರು ಇಂಥದ್ದೇ ಶಾಲೆ ತೆರೆಯುತ್ತೇವೆಂದು ಸುಮಾಳನ್ನು ಕರೆದಿದ್ದರು. ನಾನೂ ಜೊತೆಗೆ ಹೊರಟೆ. ಬಸ್ಸಿನಲ್ಲಿ ಅವಳು ಅಲ್ಲಿ ಆಡಬೇಕಾದ ಮಾತನ್ನೆಲ್ಲ ನನಗೆ ಹೇಳಿ ತೋರಿಸಿದಳು. ಧನ್ಯಾಳಿಂದಲೇ ಶುರು. ಆ ಹುಡುಗಿಯರು ಇದನ್ನೇ ನಂಬಿ ತಮ್ಮ ಶಾಲೆಯ ಮಕ್ಕಳ ಎದುರು ಕಾಯುತ್ತಾ ಕೂರುತ್ತಾರೆ, ಆಗದಿದ್ದರೆ ತಮ್ಮದೇ ತಪ್ಪೆಂದುಕೊಳ್ಳುತ್ತಾರೆ ಎಂದು ನೆನೆದಾಗ — ಇನ್ನು ಸುಮ್ಮನಿರಲು ಆಗಲಿಲ್ಲ. ಜಾವಗಲ್ ದಾಟುತ್ತಿದ್ದ ಹಾಗೆ ಎಲ್ಲವನ್ನೂ ಹೇಳಿಬಿಟ್ಟೆ.

ಅವಳು ಮೊದಲು ನಕ್ಕಳು. ಕೊಬ್ಬರಿ ಚೂರಿನ ವಿಷಯಕ್ಕೆ ಬಂದಾಗ ಕಂಡಕ್ಟರು ತಿರುಗಿ ನೋಡುವಷ್ಟು ನಕ್ಕಳು. ತಪ್ಪಿದವರಿಗೂ ಬೆಲ್ಲ ಕೊಡ್ತಿದ್ಯಲ್ಲ ಎಂದು ಕಣ್ಣೊರೆಸಿಕೊಂಡಳು. ಆಮೇಲೆ ನಗು ನಿಂತಿತು. ಹಳೇಬೀಡು ದಾಟಿದ ಮೇಲೆ ಕೇಳಿದಳು.

"ಹಂಗಾದ್ರೆ ಆ ವರ್ಷ ನಾನು ಕಂಡಿದ್ದು... ಏನಕ್ಕ ಅದು?"

ಅಜ್ಜಿಯ ಮಾತು, ಶಾಲೆ ಮುಚ್ಚುವ ಭಯ, ಎಲ್ಲ ನನ್ನ ನಾಲಿಗೆಯ ತುದಿಗೆ ಬಂದವು. ನುಂಗಿಕೊಂಡೆ. ಅವು ಯಾವುವೂ ಸುಳ್ಳಲ್ಲ, ಆದರೆ ಅವಳು ಕೇಳಿದ್ದಕ್ಕೆ ಉತ್ತರವಲ್ಲ. ಬಸ್ಸು ಬೇಲೂರು ಸ್ಟ್ಯಾಂಡಿಗೆ ಬಂದು ನಿಂತಿತು. ಜನರೆಲ್ಲ ಇಳಿದರು, ಅವಳು ಏಳಲಿಲ್ಲ. ನಾನು ಅವಳ ಕಡೆ ತಿರುಗಿ ಕೂತೆ.

"ನೀನು ಮಾಡೋ ಕೆಲ್ಸ ಆಗ್ತೈತೆ ಅಂತ ನಾನು ನಂಬ್ಲೇ ಇಲ್ಲ ಕಣೇ. ಸ್ವಲ್ಪ ದಿನ ತಡ್ಕೊಂಡಿದ್ರೆ ಆ ಹುಡ್ಗಿ ಏನ್ ಮಾಡ್ತಿದ್ಲೋ, ಅದನ್ನ ನೋಡೋ ಭಾಗ್ಯ ನಿಂಗಿತ್ತು. ನಾನು ಕಿತ್ಕೊಂಡೆ. ತಪ್ಪಾಯ್ತು ಸುಮಾ."